ಹಾಲ್‌ನ ಕಂಪ್ಯೂಟರ್ ಎಲ್ಲರದ್ದು, ಕೀಲಿಕೈ ಯಾರ ಬಳಿ?

ಮುಂಬಯಿ: ಟಿ.ವಿ. ಪಕ್ಕದ ಮೂಲೆಯಲ್ಲೊಂದು ಮೇಜು, ಅದರ ಮೇಲೆ ಧೂಳು ಬೀಳದಂತೆ ಬಟ್ಟೆ ಹೊದೆಸಿಕೊಂಡು ಕುಳಿತ ಕಂಪ್ಯೂಟರ್. ದಹಿಸರ್‌ನಿಂದ ಡೊಂಬಿವಲಿ ತನಕ ಉಪನಗರಗಳ ತುಳು-ಕನ್ನಡಿಗರ ಮನೆಗಳಲ್ಲಿ ಈ ದೃಶ್ಯ ಹೊಸತಲ್ಲ. 2000ದ ಆಸುಪಾಸಿನಲ್ಲಿ ಲ್ಯಾಮಿಂಗ್ಟನ್ ರೋಡಿಗೆ ಹೋಗಿ, ನಾಲ್ಕು ಅಂಗಡಿ ಸುತ್ತಿ, ಬಿಡಿಭಾಗ ಜೋಡಿಸಿ ಟ್ಯಾಕ್ಸಿಯಲ್ಲಿ ತಂದ ಯಂತ್ರಕ್ಕೆ ಮೊದಲ ದಿನ ಕುಂಕುಮ ಹಚ್ಚಿ ಆರತಿ ಎತ್ತಿದ ಮನೆಗಳೂ ಇವೆ. ಇಂದು ಮನೆಯ ಪ್ರತಿಯೊಬ್ಬರ ಕೈಯಲ್ಲಿ ಮೊಬೈಲ್ ಇದೆ. ಆದರೂ ಹಾಲ್‌ನ ಆ ಒಂದು ಡೆಸ್ಕ್‌ಟಾಪ್ ಅಥವಾ ಲ್ಯಾಪ್‌ಟಾಪಿಗೆ ಕೆಲಸ ತಪ್ಪಿಲ್ಲ. ಮಗನ ಕಾಲೇಜು ಪ್ರಾಜೆಕ್ಟ್, ಮಗಳ ಪ್ರವೇಶ ಪರೀಕ್ಷೆಯ ಅರ್ಜಿ, ಅಪ್ಪನ ಹೊಟೇಲಿನ ಜಿಎಸ್‌ಟಿ ಲೆಕ್ಕ, ಅಮ್ಮನಿಗೆ ಮಹಿಳಾ ವಿಭಾಗದ ಸಭೆಯ ವರದಿ, ಅಜ್ಜನಿಗೆ ಊರಿನ ಜಾಗದ ಆರ್‌ಟಿಸಿ - ಎಲ್ಲವೂ ಆಗಬೇಕಾದದ್ದು ಅದರಲ್ಲೇ.

ಇಷ್ಟು ಮಂದಿ ಬಳಸುವ ಯಂತ್ರವನ್ನು ಆನ್ ಮಾಡಿದರೆ ಪರದೆಯ ಮೇಲೆ ಕಾಣುವುದು ಒಂದೇ ಹೆಸರು, ಬಹುತೇಕ ಅಪ್ಪನದ್ದು. ಪಾಸ್‌ವರ್ಡ್ ಇರುವುದಿಲ್ಲ, ಇದ್ದರೂ ಎಲ್ಲರಿಗೂ ಗೊತ್ತು. ಮಗ ಆಟ ಆಡುವುದು, ಅಪ್ಪ ಬ್ಯಾಂಕಿನ ಹಣ ವರ್ಗಾಯಿಸುವುದು ಎಲ್ಲ ಆ ಒಂದೇ ಹೆಸರಿನಡಿ. ಚಾಳಿನ ಎಲ್ಲ ಖೋಲಿಗಳಿಗೂ ಒಂದೇ ಬೀಗ, ಆ ಬೀಗದ ಕೀಲಿಕೈ ಬಾಗಿಲಲ್ಲೇ ನೇತಾಡುತ್ತಿದೆ ಎಂದರೆ ಹೇಗೋ ಹಾಗೆ. ವೈರಸ್‌ನ ಮಾತು ಬಂದಾಗಲೆಲ್ಲ ಯಾವ ಆಂಟಿವೈರಸ್ ಒಳ್ಳೆಯದು ಎಂದು ಕೇಳುವವರೇ ಹೆಚ್ಚು. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಈ ಕೀಲಿಕೈ ಯಾರ ಬಳಿ ಇರಬೇಕು ಎಂದು.

ಗದ್ದಲ ಮಾಡುತ್ತಿದ್ದ ವೈರಸ್, ಸದ್ದಿಲ್ಲದ ಕಳ್ಳ

ಪರ್ಸನಲ್ ಕಂಪ್ಯೂಟರಿನ ಮೊದಲ ವೈರಸ್ ಎಂದು ಹೆಸರಾದ ‘ಬ್ರೇನ್’ ಹುಟ್ಟಿದ್ದು ದೂರದ ಅಮೆರಿಕದಲ್ಲಲ್ಲ, ನೆರೆಯ ಲಾಹೋರಿನಲ್ಲಿ, 1986ರಲ್ಲಿ. ಅದನ್ನು ಬರೆದ ಇಬ್ಬರು ಸಹೋದರರು ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಅದರೊಳಗೇ ಬರೆದಿಟ್ಟಿದ್ದರು. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ಇ-ಮೇಲ್ ಜಗತ್ತನ್ನೇ ಸುತ್ತಿತು. 2007ರ ಸುಮಾರಿಗೆ ಮುಂಬಯಿಯ ಸೈಬರ್ ಕೆಫೆಗಳಲ್ಲಿ ಕುಳಿತವರಿಗೆ ಇನ್ನೊಂದು ನೆನಪಿರಬಹುದು. ಆರ್ಕುಟ್ ತೆರೆದ ಕೂಡಲೇ ‘ಆರ್ಕುಟ್ ಬ್ಯಾನ್ ಆಗಿದೆ’ ಎಂದು ಗೇಲಿ ಮಾಡಿ ಕಿಟಕಿಯನ್ನೇ ಮುಚ್ಚಿಬಿಡುತ್ತಿದ್ದ ವೈರಸ್ ಅದು. ಪೆನ್‌ಡ್ರೈವ್ ಹತ್ತಿ ಮನೆಯಿಂದ ಮನೆಗೆ ಸಾಗುತ್ತಿತ್ತು. ಆಗೆಲ್ಲ ಬಿಲ್ಡಿಂಗಿನ ಕಂಪ್ಯೂಟರ್‌ವಾಲಾ ಬಂದು ‘ಫಾರ್ಮ್ಯಾಟ್ ಮಾರ್ನಾ ಪಡೇಗಾ’ ಎಂದು ಹೇಳಿ, ಮುನ್ನೂರು ರೂಪಾಯಿ ಜೇಬಿಗೆ ಇಳಿಸಿ, ಊರಿನ ನೇಮದ ಫೋಟೋಗಳನ್ನೂ ಜತೆಗೆ ಅಳಿಸಿ ಹೋಗುತ್ತಿದ್ದ.

ಆ ವೈರಸ್‌ಗಳಿಗೆ ಒಂದು ಗುಣವಿತ್ತು. ಬಂದದ್ದು ಗೊತ್ತಾಗುತ್ತಿತ್ತು. ಕಂಪ್ಯೂಟರ್ ನಿಧಾನವಾಗುತ್ತಿತ್ತು, ಪರದೆ ನೀಲಿಯಾಗುತ್ತಿತ್ತು. ಈಗಿನದ್ದು ಹಾಗಲ್ಲ. ‘ಇನ್ಫೋಸ್ಟೀಲರ್’ ಎಂದು ಕರೆಯಲಾಗುವ ಇಂದಿನ ಬೇಹು ತಂತ್ರಾಂಶ ಒಳಗೆ ಬಂದು ಕೆಲವೇ ನಿಮಿಷಗಳಲ್ಲಿ ತನಗೆ ಬೇಕಾದದ್ದನ್ನು ಬಾಚಿಕೊಂಡು ಹೊರಟುಬಿಡುತ್ತದೆ. ಕೆಲವು ತಮ್ಮನ್ನು ತಾವೇ ಅಳಿಸಿಕೊಂಡೂ ಹೋಗುತ್ತವೆ. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ‘ಲುಮ್ಮಾ’ ಎಂಬ ಇಂತಹ ಒಂದು ಜಾಲದ ವಿರುದ್ಧ ಕ್ರಮ ಕೈಗೊಂಡಾಗ ಹೊರಬಿದ್ದ ಲೆಕ್ಕ: ಅದೇ ವರ್ಷದ ಮಾರ್ಚ್ 16ರಿಂದ ಮೇ 16ರ ತನಕದ ಎರಡೇ ತಿಂಗಳಲ್ಲಿ ಜಗತ್ತಿನಾದ್ಯಂತ 3,94,000ಕ್ಕೂ ಮಿಕ್ಕಿ ವಿಂಡೋಸ್ ಕಂಪ್ಯೂಟರ್‌ಗಳು ಅದರ ಹಿಡಿತಕ್ಕೆ ಸಿಕ್ಕಿದ್ದವು.

ಅದು ಬಾಚುವುದು ಏನನ್ನು? ‘ಪಾಸ್‌ವರ್ಡ್ ಸೇವ್ ಮಾಡಲೇ?’ ಎಂದು ಬ್ರೌಸರ್ ಕೇಳಿದಾಗ ನಾವೆಲ್ಲ ‘ಯೆಸ್’ ಒತ್ತಿರುತ್ತೇವಲ್ಲ, ಮೊದಲಿಗೆ ಅದನ್ನು. ಬ್ರೌಸರ್ ಅವನ್ನು ಗೂಢಲಿಪಿಯಲ್ಲೇ ಇಟ್ಟಿರುತ್ತದೆ ನಿಜ, ಆದರೆ ಅದೇ ಲಾಗಿನ್‌ನಲ್ಲಿ ಓಡುವ ಕಳ್ಳ ಪ್ರೋಗ್ರಾಮಿಗೆ ಅದನ್ನು ಬಿಚ್ಚಿಕೊಳ್ಳುವುದು ದೊಡ್ಡ ಕೆಲಸವಲ್ಲ. ಎರಡನೆಯದು ‘ಕುಕಿ’. ನಾಟಕದ ಸಭಾಗೃಹದಲ್ಲಿ ಮಧ್ಯಂತರಕ್ಕೆ ಹೊರಗೆ ಹೋಗುವವರಿಗೆ ಗೇಟ್‌ಪಾಸ್ ಕೊಡುತ್ತಾರೆ. ಮರಳಿ ಬರುವಾಗ ಅದನ್ನು ತೋರಿಸಿದರೆ ಸಾಕು, ಟಿಕೆಟ್ ಕೇಳುವುದಿಲ್ಲ. ಕುಕಿ ಅಂತಹ ಗೇಟ್‌ಪಾಸ್. ಅದು ಕಳ್ಳನ ಕೈಗೆ ಸಿಕ್ಕರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ, ನಿಮ್ಮ ಇ-ಮೇಲ್ ಒಳಗೆ ಆತ ನೇರವಾಗಿ ಕಾಲಿಡಬಹುದು. ‘ಒಟಿಪಿ ಯಾರಿಗೂ ಕೊಟ್ಟಿಲ್ಲ, ಹೇಗಾಯಿತು?’ ಎಂದು ತಲೆಯ ಮೇಲೆ ಕೈ ಹೊತ್ತು ಕೂರುವ ಪ್ರಕರಣಗಳಲ್ಲಿ ಕೆಲವಕ್ಕೆ ಇದೇ ಉತ್ತರ.

ಹೀಗೊಂದು ಮನೆ ಎಂದುಕೊಳ್ಳೋಣ. ಹನ್ನೆರಡು ವರ್ಷದ ಮಗನಿಗೆ ಒಂದು ಆಟ ಬೇಕು. ಅದರ ಬೆಲೆ ಎರಡು ಸಾವಿರ, ಅಪ್ಪನನ್ನು ಕೇಳಿದರೆ ಸಿಗುವುದು ಬೈಗುಳ. ಶಾಲೆಯ ಗೆಳೆಯ ಹೇಳಿದ ಜಾಗದಿಂದ ಆತ ‘ಕ್ರ್ಯಾಕ್’ ಇಳಿಸಿಕೊಳ್ಳುತ್ತಾನೆ. ಅಲ್ಲಿ ‘ಮೊದಲು ಆಂಟಿವೈರಸ್ ಬಂದ್ ಮಾಡಿ’ ಎಂದು ಬರೆದಿರುತ್ತದೆ, ಮಾಡುತ್ತಾನೆ. ಆಟ ಚೆನ್ನಾಗಿ ನಡೆಯುತ್ತದೆ. ಅಪ್ಪನ ಇ-ಮೇಲ್, ಅಮ್ಮನ ಚೀಟಿಯ ಲೆಕ್ಕ, ಅಕ್ಕನ ಆಧಾರ್ ಪ್ರತಿ ಅಷ್ಟರಲ್ಲಿ ಹೊರಗೆ ಹೋಗಿಯಾಗಿದೆ. ತಪ್ಪು ಒಬ್ಬನದ್ದು, ನಷ್ಟ ಇನ್ನೊಬ್ಬರದ್ದು. ಹಂಚಿಕೊಂಡು ಬಳಸುವ ಕಂಪ್ಯೂಟರಿನ ಕಷ್ಟ ಇರುವುದೇ ಇಲ್ಲಿ.

ಒಂದು ಭಾನುವಾರದ ಕೆಲಸ

ಇದಕ್ಕೆ ಮದ್ದು ಆ ಯಂತ್ರದೊಳಗೇ ಇದೆ, ಅದೂ ಪುಕ್ಕಟೆ. ವಿಂಡೋಸ್‌ನಲ್ಲಿ ಎರಡು ಬಗೆಯ ಖಾತೆಗಳಿವೆ. ಒಂದು ‘ಅಡ್ಮಿನಿಸ್ಟ್ರೇಟರ್’, ಇನ್ನೊಂದು ‘ಸ್ಟ್ಯಾಂಡರ್ಡ್’. ಸೊಸೈಟಿಯ ಭಾಷೆಯಲ್ಲಿ ಹೇಳುವುದಾದರೆ ಒಬ್ಬ ಸೆಕ್ರೆಟರಿ, ಉಳಿದವರು ಸದಸ್ಯರು. ಸದಸ್ಯ ತನ್ನ ಖೋಲಿಯೊಳಗೆ ಏನು ಬೇಕಾದರೂ ಇಟ್ಟುಕೊಳ್ಳಬಹುದು, ಆದರೆ ಬಿಲ್ಡಿಂಗಿನ ಗೋಡೆ ಒಡೆಯುವಂತಿಲ್ಲ. ಕಂಪ್ಯೂಟರ್ ಕೊಂಡಾಗ ಮೊದಲು ಹುಟ್ಟುವ ಖಾತೆ ಅಡ್ಮಿನಿಸ್ಟ್ರೇಟರ್‌ನದ್ದು. ನಾವು ವರ್ಷಗಟ್ಟಲೆ ಬಳಸುತ್ತಾ ಬಂದಿರುವುದು ಅದನ್ನೇ. ಆದ್ದರಿಂದ ಒಳಗೆ ಬಂದ ವೈರಸ್‌ಗೂ ಸೆಕ್ರೆಟರಿಯ ಅಧಿಕಾರವೇ ಸಿಗುವ ಹಾದಿ ತೆರೆದಿರುತ್ತದೆ.

ಬದಲಾಯಿಸುವುದಕ್ಕೆ ಒಂದು ಕ್ರಮವಿದೆ, ಹಿಂದುಮುಂದಾಗಬಾರದು. ಸೆಟ್ಟಿಂಗ್ಸ್‌ಗೆ ಹೋಗಿ ‘ಅಕೌಂಟ್ಸ್’, ಅಲ್ಲಿ ‘ಅದರ್ ಯೂಸರ್ಸ್’ ತೆರೆಯಬೇಕು. ಮೊದಲು ಹೊಸದೊಂದು ಖಾತೆ ಮಾಡಿ, ಅದಕ್ಕೆ ‘ಯಜಮಾನ’ ಎಂದೋ ‘ಮನೆ’ ಎಂದೋ ಹೆಸರಿಟ್ಟು, ಗಟ್ಟಿಯಾದ ಪಾಸ್‌ವರ್ಡ್ ಕೊಟ್ಟು, ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಬೇಕು. ಅದರಿಂದ ಲಾಗಿನ್ ಆಗಿ ಪಾಸ್‌ವರ್ಡ್ ಸರಿಯಾಗಿ ತೆರೆಯುತ್ತದೆಯೇ ನೋಡಿಕೊಳ್ಳಬೇಕು. ಆ ಮೇಲೆ ಅಪ್ಪನ ಹಳೆಯ ಖಾತೆಯನ್ನು ‘ಸ್ಟ್ಯಾಂಡರ್ಡ್’ಗೆ ಇಳಿಸಬೇಕು. ಹೀಗೆ ಮಾಡಿದರೆ ಹಳೆಯ ಕಡತ, ಫೋಟೋ ಯಾವುದನ್ನೂ ಎತ್ತಿ ಬೇರೆಡೆ ಇಡಬೇಕಾಗಿಲ್ಲ, ಎಲ್ಲವೂ ಇದ್ದಲ್ಲೇ ಇರುತ್ತವೆ. ಕೊನೆಗೆ ಅಮ್ಮನಿಗೆ, ಮಕ್ಕಳಿಗೆ ಒಂದೊಂದು ಸ್ಟ್ಯಾಂಡರ್ಡ್ ಖಾತೆ, ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡ್. ‘ಯಜಮಾನ’ ಖಾತೆಯಿಂದ ದಿನನಿತ್ಯದ ಕೆಲಸ ಮಾಡುವಂತಿಲ್ಲ. ಹೊಸ ಪ್ರೋಗ್ರಾಮ್ ಹಾಕುವಾಗ ಪಾಸ್‌ವರ್ಡ್ ಕೇಳುತ್ತದೆ, ಆಗ ಮಾತ್ರ ಅದರ ಉಪಯೋಗ. ಮಗ ‘ಅಪ್ಪ, ಇದು ಪಾಸ್‌ವರ್ಡ್ ಕೇಳುತ್ತಿದೆ’ ಎಂದು ಬಂದು ನಿಲ್ಲುವ ಆ ಅರ್ಧ ನಿಮಿಷವೇ ಈ ಏರ್ಪಾಡಿನ ಬಹುದೊಡ್ಡ ಲಾಭ. ಏನು ಹಾಕುತ್ತಿದ್ದೀ, ಎಲ್ಲಿಂದ ತಂದೆ ಎಂದು ಕೇಳಲು ಅವಕಾಶ ಸಿಗುತ್ತದೆ.

ಇದರಿಂದ ಎಲ್ಲ ಮುಗಿಯಿತು ಎಂದು ಹೇಳುವಂತಿಲ್ಲ. ಪಾಸ್‌ವರ್ಡ್ ಕೇಳದೆಯೇ ಓಡುವ ಕಳ್ಳ ಪ್ರೋಗ್ರಾಮ್‌ಗಳೂ ಇವೆ. ಮಗನ ಖಾತೆಯೊಳಗೆ ಅಂಥದ್ದು ಬಂದರೆ ಮಗನ ಪಾಸ್‌ವರ್ಡ್ ಹೋಗುತ್ತದೆ, ಅದು ತಪ್ಪದು. ಆದರೆ ಅಪ್ಪನ ಖಾತೆಯ ಬಾಗಿಲು ಅದಕ್ಕೆ ಸುಲಭಕ್ಕೆ ತೆರೆಯುವುದಿಲ್ಲ. ಕ್ರೋಮ್ ಬ್ರೌಸರಿನಲ್ಲಿ ಬೇರೆ ಬೇರೆ ‘ಪ್ರೊಫೈಲ್’ ಮಾಡಿಕೊಂಡವರು ತಮಗೆ ಇದು ಅನ್ವಯಿಸದು ಎಂದುಕೊಳ್ಳುವುದುಂಟು. ಅದು ತಪ್ಪು. ಒಂದೇ ವಿಂಡೋಸ್ ಖಾತೆಯೊಳಗಿನ ಪ್ರೊಫೈಲ್‌ಗಳ ನಡುವೆ ಇರುವುದು ಪರದೆ, ಗೋಡೆಯಲ್ಲ.

ಇನ್ನೊಂದು ಮಾತು ವಿಶೇಷವಾಗಿ ನಮ್ಮವರಿಗೆ. ಅಂಗಡಿಯಲ್ಲಿ ಜೋಡಿಸಿದ ಕಂಪ್ಯೂಟರಿನಲ್ಲಿ ಸಿ, ಡಿ, ಇ ಎಂದು ಹಾರ್ಡ್ ಡಿಸ್ಕನ್ನು ಪಾಲು ಮಾಡಿಕೊಡುವುದು ಮುಂಬಯಿಯ ವಾಡಿಕೆ. ಮದುವೆಯ ಆಲ್ಬಮ್, ಬ್ರಹ್ಮಕಲಶದ ವಿಡಿಯೋ, ಮನೆಯ ಕಾಗದಪತ್ರ ಎಲ್ಲವೂ ‘ಡಿ ಡ್ರೈವ್’ನಲ್ಲಿ. ಖಾತೆಗಳನ್ನು ಬೇರೆ ಮಾಡಿದರೂ ಡಿ ಡ್ರೈವ್ ಸಾಮಾನ್ಯವಾಗಿ ಎಲ್ಲರಿಗೂ ತೆರೆದೇ ಇರುತ್ತದೆ, ಚಾಳಿನ ಪಡಸಾಲೆಯ ಹಾಗೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ‘ರ‍್ಯಾನ್ಸಮ್‌ವೇರ್’ ಯಾರ ಖಾತೆಯಿಂದ ಬಂದರೂ ಮೊದಲು ಬಾಯಿ ಹಾಕುವುದು ಅಲ್ಲಿಗೆ. ಆಧಾರ್, ಪ್ಯಾನ್, ಬ್ಯಾಂಕಿನ ಕಾಗದಗಳನ್ನು ಡಿ ಡ್ರೈವ್‌ನಿಂದ ತೆಗೆದು ತಮ್ಮ ತಮ್ಮ ಖಾತೆಯ ‘ಡಾಕ್ಯುಮೆಂಟ್ಸ್’ ಒಳಗೆ ಇಡಬೇಕು. ಫೋಟೋಗಳ ಒಂದು ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ಕೆಲಸ ಮುಗಿದ ಮೇಲೆ ವಯರ್ ಕಿತ್ತು ಕಪಾಟಿನಲ್ಲಿಡಬೇಕು. ಸದಾ ಚುಚ್ಚಿಯೇ ಇಟ್ಟ ಡಿಸ್ಕ್ ಬ್ಯಾಕಪ್ ಅಲ್ಲ, ಅದಕ್ಕೂ ಬೀಗ ಬೀಳುತ್ತದೆ.

ನಾವಾ ಶೇವಾದಲ್ಲಿ ನಿಂತ ಲಾರಿಗಳು

‘ಅಪ್‌ಡೇಟ್’ ಎಂಬ ಸೂಚನೆ ಬಂದಾಗ ‘ನಾಳೆ ನೆನಪಿಸು’ ಎಂದು ಒತ್ತುವುದು ಎಲ್ಲರ ಚಾಳಿ. ಅದರ ಬೆಲೆ ಎಷ್ಟೆಂದು ಮುಂಬಯಿ ಕಣ್ಣಾರೆ ಕಂಡಿದೆ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ಗಂಭೀರ ತೂತಿಗೆ ತೇಪೆ ಹಾಕಿ ಅಪ್‌ಡೇಟ್ ಬಿಡುಗಡೆ ಮಾಡಿತು. ಹಾಕಿಕೊಳ್ಳದವರ ಕಂಪ್ಯೂಟರಿಗೆ ಮೇ 12ರಂದು ‘ವಾನಾಕ್ರೈ’ ನುಗ್ಗಿತು, ಸುಮಾರು 150 ದೇಶಗಳಿಗೆ ಹಬ್ಬಿತು. ಜೂನ್ 27ರಂದು ಬಂದದ್ದು ‘ನಾಟ್‌ಪೆಟ್ಯಾ’. ಯುಕ್ರೇನಿನ ತೆರಿಗೆ ಲೆಕ್ಕದ ಒಂದು ತಂತ್ರಾಂಶದ ಮೂಲಕ ಹೊರಟ ಅದು ಡೆನ್ಮಾರ್ಕಿನ ಹಡಗು ಸಂಸ್ಥೆ ಮೇರ್ಸ್ಕ್‌ನ ಜಾಲ ಹೊಕ್ಕು, ಅಲ್ಲಿಂದ ನವಿಮುಂಬಯಿ ಸಮೀಪದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದೇ ಸಮೂಹ ನಡೆಸುತ್ತಿದ್ದ ಗೇಟ್‌ವೇ ಟರ್ಮಿನಲ್‌ನ್ನು ತಲುಪಿತು. ಕಂಪ್ಯೂಟರ್‌ಗಳು ಸ್ತಬ್ಧವಾದವು, ಕಂಟೇನರ್‌ಗಳ ಕೆಲಸ ಕೈಲೆಕ್ಕಕ್ಕೆ ಇಳಿಯಿತು, ನಾವಾ ಶೇವಾದಲ್ಲಿ ಸರಕು ಕಟ್ಟಿಬಿತ್ತು. ಮೇರ್ಸ್ಕ್ ತನ್ನ ನಷ್ಟವನ್ನು 20ರಿಂದ 30 ಕೋಟಿ ಡಾಲರ್ ಎಂದು ಅಂದಾಜಿಸಿತು. ಜಾಲದೊಳಗೆ ಹರಡಲು ನಾಟ್‌ಪೆಟ್ಯಾ ಬಳಸಿದ ದಾರಿಗಳಲ್ಲಿ ಮೂರು ತಿಂಗಳ ಹಿಂದೆಯೇ ತೇಪೆ ಬಂದಿದ್ದ ಆ ತೂತೂ ಒಂದು. ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ನೆಗೆಯಲು ಅದು ಅಡ್ಮಿನಿಸ್ಟ್ರೇಟರ್‌ಗಳ ಪಾಸ್‌ವರ್ಡ್‌ಗಳನ್ನೂ ಕದ್ದು ಬಳಸಿತ್ತು ಎಂಬುದು ಇಲ್ಲಿ ಉಲ್ಲೇಖನೀಯ.

ಮನೆಯ ಕಂಪ್ಯೂಟರಿಗೆ ಈ ಪ್ರಶ್ನೆ ಈಗ ಇನ್ನಷ್ಟು ಹತ್ತಿರ ಬಂದಿದೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದೇ ಮೈಕ್ರೋಸಾಫ್ಟ್ ಕೈಬಿಟ್ಟಿತ್ತು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಹೆಸರು ನೋಂದಾಯಿಸಿದ ಮನೆ ಬಳಕೆದಾರರಿಗೆ ಇನ್ನೊಂದು ವರ್ಷ, ಎಂದರೆ 2026ರ ಅಕ್ಟೋಬರ್ 13ರ ತನಕದ ವಾಯಿದೆ ಕೊಡಲಾಯಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಅರ್ಹವಾಗುವುದಿಲ್ಲ. ಹಾಗೆಂದು ಭಂಗಾರ್‌ವಾಲಾನಿಗೆ ತೂಕಕ್ಕೆ ಹಾಕಬೇಕಿಲ್ಲ. ಉಬುಂಟು, ಮಿಂಟ್ ಮುಂತಾದ ಲಿನಕ್ಸ್ ಪುಕ್ಕಟೆ ಸಿಗುತ್ತವೆ, ಅವುಗಳಲ್ಲಿ ಕನ್ನಡ ಟೈಪಿಂಗೂ ಆಗುತ್ತದೆ. ಅದು ಬೇಡವೆಂದರೆ ನೆಟ್ ಸಂಪರ್ಕ ಕಿತ್ತು ಬರಹ-ಲೆಕ್ಕಕ್ಕೆ ಮಾತ್ರ ಇಟ್ಟುಕೊಳ್ಳಬಹುದು. ಬ್ಯಾಂಕಿಂಗ್ ಮಾತ್ರ ಅದರಲ್ಲಿ ಬೇಡ.

ಪೆನ್‌ಡ್ರೈವ್ ಎಂಬ ನಮ್ಮ ಅಂಚೆಯಣ್ಣ

ಕನ್ನಡ ಸಂಘ-ಸಂಸ್ಥೆಗಳಲ್ಲಿ ದುಡಿಯುವವರ ಮನೆಗೆ ವೈರಸ್ ಬರುವ ದಾರಿಯೊಂದು ಬೇರೆಯವರಿಗಿಲ್ಲ. ಅದು ಮುದ್ರಣಾಲಯದ ದಾರಿ. ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆ, ದಾನಿಗಳ ಯಾದಿ - ಕಾರ್ಯದರ್ಶಿಯ ಮನೆಯಿಂದ ಡಿಟಿಪಿ ಅಂಗಡಿಗೆ, ಅಲ್ಲಿಂದ ತಿದ್ದುಪಡಿಗೆ ಮತ್ತೆ ಮನೆಗೆ, ಮರಳಿ ಅಂಗಡಿಗೆ. ಹೊತ್ತು ತಿರುಗುವುದು ಒಂದೇ ಪೆನ್‌ಡ್ರೈವ್. ಹಳೆಯ ಪೇಜ್‌ಮೇಕರ್, ಹಳೆಯ ನುಡಿ ಅಥವಾ ಶ್ರೀಲಿಪಿ ಅಕ್ಷರಗಳಿಗಾಗಿ ಡಿಟಿಪಿ ಅಂಗಡಿಗಳಲ್ಲಿ ಹಳೆಯ ವಿಂಡೋಸ್ ಉಳಿಸಿಕೊಂಡಿರುವುದುಂಟು. ಅವರದ್ದು ತಪ್ಪೆನ್ನಲಾಗದು, ಹೊಟ್ಟೆಪಾಡು. ಆದರೆ ಹತ್ತಾರು ಗಿರಾಕಿಗಳ ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ, ಅಪ್‌ಡೇಟ್ ಕಾಣದ ಯಂತ್ರ ಹೇಗಿದ್ದೀತು ಎಂದು ಊಹಿಸಬಹುದು.

ಪೆನ್‌ಡ್ರೈವ್ ತೆರೆದಾಗ ಫೋಲ್ಡರ್‌ಗಳೆಲ್ಲ ಮೂಲೆಯಲ್ಲಿ ಪುಟ್ಟ ಬಾಣದ ಗುರುತು ಹೊತ್ತ ಶಾರ್ಟ್‌ಕಟ್‌ಗಳಾಗಿ ಕಂಡರೆ ಅದು ವೈರಸ್‌ನ ಕೈವಾಡ. ಅದರ ಮೇಲೆ ಒತ್ತಬಾರದು, ಒತ್ತಿದರೆ ವೈರಸ್ ಓಡುತ್ತದೆ. ಗಾಬರಿಯಿಂದ ಫಾರ್ಮ್ಯಾಟ್ ಮಾಡಲೂಬಾರದು. ಹೆಚ್ಚಿನ ಸಂದರ್ಭಗಳಲ್ಲಿ ಕಡತಗಳು ಅಳಿದಿರುವುದಿಲ್ಲ, ಅಡಗಿಸಲ್ಪಟ್ಟಿರುತ್ತವೆ ಅಷ್ಟೆ. ಆಂಟಿವೈರಸ್‌ನಿಂದ ಶುದ್ಧ ಮಾಡಿಸಿ, ಅಡಗಿದ ಕಡತ ತೋರಿಸುವ ‘ಹಿಡನ್ ಐಟಮ್ಸ್’ ಆಯ್ಕೆ ಒತ್ತಿದರೆ ಸಾಮಾನ್ಯವಾಗಿ ಮರಳಿ ಸಿಗುತ್ತವೆ. ಸಿಗದಿದ್ದರೆ ಬಲ್ಲವರ ಕೈಗೆ ಕೊಡಬೇಕು. ಆರು ತಿಂಗಳು ಬೆವರು ಸುರಿಸಿ ಕೂಡಿಸಿದ ಸ್ಮರಣ ಸಂಚಿಕೆಯನ್ನು ಎರಡು ನಿಮಿಷದ ಫಾರ್ಮ್ಯಾಟಿಗೆ ಬಲಿ ಕೊಡುವುದು ಬೇಡ. ಇದಕ್ಕಿಂತ ಸುಲಭ, ತಿದ್ದುಪಡಿಯ ಪ್ರತಿಯನ್ನು ಪಿಡಿಎಫ್ ಮಾಡಿ ಇ-ಮೇಲಿನಲ್ಲಿ ತರಿಸಿಕೊಳ್ಳುವುದು.

ಕನ್ನಡ ಟೈಪಿಂಗ್ ತಂತ್ರಾಂಶದ ಬಗೆಗೂ ಒಂದು ಎಚ್ಚರಿಕೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ - ಇವೆರಡೂ ಮುಂಬಯಿ ಕನ್ನಡಿಗರಿಗೆ ಮಾಡಿರುವ ಉಪಕಾರ ದೊಡ್ಡದು. ಆದರೆ ಅವುಗಳ ಹೆಸರು ಹಾಕಿ ಹುಡುಕಿದಾಗ ಮೊದಲಿಗೆ ಕಾಣುವುದೆಲ್ಲ ಅಸಲಿ ತಾಣವೇ ಆಗಿರಬೇಕಿಲ್ಲ. ‘ಡೌನ್‌ಲೋಡ್’ ಎಂದು ಹಸಿರು ಬಣ್ಣದಲ್ಲಿ ಮಿನುಗುವ ದೊಡ್ಡ ಗುಂಡಿ ಹಲವು ಬಾರಿ ಜಾಹೀರಾತು. ತಯಾರಿಸಿದವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು. ಬರಿಯ ಕನ್ನಡ ಬರೆಯಲು ವಿಂಡೋಸ್‌ನೊಳಗೇ ಕನ್ನಡ ಕೀಲಿಮಣೆ ಇದೆ, ಹೊರಗಿನಿಂದ ಏನೂ ತರಬೇಕಿಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ.

ಆಮಂತ್ರಣದ ಮಾತು ಬಂದಾಗ ಮೊಬೈಲನ್ನೂ ಮರೆಯುವಂತಿಲ್ಲ. ಮದುವೆಯ ಕರೆಯೋಲೆ ಎಂಬ ನೆಪದಲ್ಲಿ ವಾಟ್ಸಾಪ್‌ಗೆ ‘ಎಪಿಕೆ’ ಕಡತ ಕಳುಹಿಸಿ ಫೋನನ್ನೇ ವಶಪಡಿಸಿಕೊಳ್ಳುವ ವಂಚನೆಯ ಬಗ್ಗೆ 2024ರಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಎಚ್ಚರಿಸಿದ್ದರು. ಕರೆಯೋಲೆ ಚಿತ್ರವಾಗಿ ಬರಬಹುದು, ಪಿಡಿಎಫ್ ಆಗಿ ಬರಬಹುದು. ಆ್ಯಪ್ ಆಗಿ ಬಂದ ಕರೆಯೋಲೆ ಮದುವೆಯದ್ದಲ್ಲ.

‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ’

ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಅಜ್ಜ ಒಬ್ಬರೇ. ಏನೋ ಓದುತ್ತಿದ್ದಂತೆ ಪರದೆ ತುಂಬ ಕೆಂಪು ಬಣ್ಣ, ಕಿವಿಗಡಚಿಕ್ಕುವ ಸೈರನ್, ‘ಕೂಡಲೇ ಈ ನಂಬರಿಗೆ ಫೋನ್ ಮಾಡಿ’ ಎಂಬ ಆಜ್ಞೆ. ಇದು ವೈರಸ್ ಅಲ್ಲ, ಬರಿಯ ಒಂದು ವೆಬ್ ಪುಟ. ಫೋನ್ ಮಾಡಿದರೆ ಮಾತ್ರ ಅಪಾಯ. ಆ ಕಡೆಯವರು ಬಹಳ ಮರ್ಯಾದೆಯಿಂದ ಮಾತನಾಡಿ, ಕಂಪ್ಯೂಟರನ್ನು ದೂರದಿಂದ ನಿಯಂತ್ರಿಸುವ ‘ಎನಿಡೆಸ್ಕ್’ನಂತಹ ತಂತ್ರಾಂಶ ಹಾಕಿಸುತ್ತಾರೆ. ಆ ತಂತ್ರಾಂಶ ಕೆಟ್ಟದ್ದಲ್ಲ, ಕಚೇರಿಗಳಲ್ಲಿ ಬಳಕೆಯಲ್ಲಿದೆ. ಆದರೆ ಅದರ ದುರುಪಯೋಗದ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕ್‌ಗಳನ್ನು ಎಚ್ಚರಿಸಿತ್ತು. ಹಿರಿಯರಿಗೆ ಹೇಳಿಕೊಡಬೇಕಾದದ್ದು ಇಷ್ಟೇ: ಹಾಗಾದರೆ ಹೆದರಬೇಡಿ, ಯಾರಿಗೂ ಫೋನ್ ಮಾಡಬೇಡಿ, ಸ್ವಿಚ್ ಒತ್ತಿ ಕಂಪ್ಯೂಟರ್ ಬಂದ್ ಮಾಡಿ, ಸಂಜೆ ಮಕ್ಕಳು ಬಂದ ಮೇಲೆ ನೋಡೋಣ.

ಯುವಕರು ಬೀಳುವ ಗುಂಡಿ ಬೇರೆ. ‘ನಾನು ರೋಬೋಟ್ ಅಲ್ಲ’ ಎಂದು ಗುರುತು ಹಾಕಿಸುವ ಪುಟಗಳು ಎಲ್ಲರಿಗೂ ಪರಿಚಿತ. ಅದರ ನಕಲಿಯೊಂದು, ವಿಂಡೋಸ್ ಕೀಲಿಯೊಂದಿಗೆ ‘ಆರ್’ ಒತ್ತಿ, ಬಳಿಕ ಕಂಟ್ರೋಲ್-ವಿ, ಬಳಿಕ ಎಂಟರ್ ಒತ್ತಿ ಎಂದು ಹೇಳುತ್ತದೆ. ಒತ್ತಿದವನು ತನ್ನ ಕೈಯಾರೆ ಕಳ್ಳನ ಆಜ್ಞೆಯನ್ನು ಕಂಪ್ಯೂಟರಿಗೆ ಅಂಟಿಸಿ ಓಡಿಸಿದಂತೆ. ಮೇಲೆ ಹೇಳಿದ ಲುಮ್ಮಾ ಹರಡಿದ ದಾರಿಗಳಲ್ಲಿ ಇದೂ ಒಂದು. ಯಾವ ಅಸಲಿ ತಾಣವೂ ಹೀಗೆ ಕೀಲಿ ಒತ್ತಿಸಿ ಪರೀಕ್ಷೆ ಮಾಡುವುದಿಲ್ಲ.

ಇನ್ನು ಆಂಟಿವೈರಸ್. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಜತೆಗೇ ಬರುತ್ತದೆ, ಸಾಮಾನ್ಯ ಮನೆಗೆ ಅದು ಸಾಕು. ಹಣ ಕೊಟ್ಟು ಬೇರೆಯದನ್ನು ಹಾಕಿಸಿಕೊಳ್ಳುವುದಾದರೂ ಒಂದೇ ಇರಲಿ, ಎರಡು ಹಾಕಿದರೆ ಅವು ತಮ್ಮತಮ್ಮಲ್ಲೇ ಜಗಳವಾಡುತ್ತವೆ. ಈ ಉದ್ಯಮದಲ್ಲಿ ನೆರೆಯ ಪುಣೆಗೆ ದೊಡ್ಡ ಹೆಸರಿದೆ. ಕ್ಯಾಲ್‌ಕ್ಯುಲೇಟರ್ ರಿಪೇರಿಯಿಂದ ಬದುಕು ಆರಂಭಿಸಿದ ಕೈಲಾಸ್ ಕಾಟ್ಕರ್, ತಮ್ಮ ಸಂಜಯ್ ಜತೆ ಸೇರಿ ಕಟ್ಟಿದ್ದೇ ಕ್ವಿಕ್ ಹೀಲ್. ರಿಪೇರಿಗೆ ಬರುವ ಕಂಪ್ಯೂಟರ್‌ಗಳಲ್ಲೆಲ್ಲ ವೈರಸ್ ಕಂಡದ್ದೇ ಅದಕ್ಕೆ ಪ್ರೇರಣೆ. ಪುಕ್ಕಟೆಯದ್ದನ್ನು ಆರಿಸುವಾಗ ಮಾತ್ರ ಸ್ವಲ್ಪ ಯೋಚಿಸುವುದು ಒಳ್ಳೆಯದು. ಬಳಕೆದಾರರು ಯಾವ ಯಾವ ತಾಣ ನೋಡುತ್ತಾರೆಂಬ ಮಾಹಿತಿಯನ್ನು ಮಾರಿದ ಆರೋಪದ ಮೇಲೆ ‘ಅವಾಸ್ಟ್’ ಸಂಸ್ಥೆ 1.65 ಕೋಟಿ ಡಾಲರ್ ತೆರಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಹೇಳಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಭಾರತ ಸರಕಾರವು 2017ರ ಫೆಬ್ರವರಿಯಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ಮೂಲಕ ವೈರಸ್ ಶುದ್ಧೀಕರಣದ ಉಪಕರಣಗಳನ್ನು ಉಚಿತವಾಗಿ ಕೊಡುತ್ತಾ ಬಂದಿರುವುದನ್ನೂ ಗಮನಿಸಬಹುದು.

ಆಗಿಹೋದ ಮೇಲೆ

ಅನುಮಾನ ಬಂದ ಕ್ಷಣ ಮಾಡಬೇಕಾದದ್ದು, ವೈಫೈ ಬಂದ್ ಮಾಡಿ ಕಂಪ್ಯೂಟರನ್ನು ನೆಟ್‌ನಿಂದ ಬೇರ್ಪಡಿಸುವುದು. ಪಾಸ್‌ವರ್ಡ್‌ಗಳನ್ನು ಅದೇ ಕಂಪ್ಯೂಟರಿನಲ್ಲಿ ಕುಳಿತು ಬದಲಿಸಬಾರದು, ಹೊಸದೂ ಕಳ್ಳನ ಪಾಲಾದೀತು. ಬೇರೆ ಫೋನಿನಿಂದ ಮೊದಲು ಇ-ಮೇಲ್ ಪಾಸ್‌ವರ್ಡ್, ಆಮೇಲೆ ಬ್ಯಾಂಕಿನದ್ದು. ಇ-ಮೇಲ್ ಏಕೆ ಮೊದಲೆಂದರೆ, ಉಳಿದೆಲ್ಲ ಪಾಸ್‌ವರ್ಡ್‌ಗಳನ್ನು ಮರಳಿ ಪಡೆಯುವ ದಾರಿ ಅದರ ಮೂಲಕವೇ ಹೋಗುತ್ತದೆ. ಜತೆಗೆ ‘ಎಲ್ಲ ಸಾಧನಗಳಿಂದ ಲಾಗ್ ಔಟ್’ ಎಂಬುದನ್ನು ಒತ್ತಬೇಕು, ಕದ್ದ ಗೇಟ್‌ಪಾಸ್ ಆಗ ರದ್ದಾಗುತ್ತದೆ.

ಹಣ ಹೋಗಿದ್ದರೆ ಬ್ಯಾಂಕಿಗೆ ಮತ್ತು 1930 ಸಹಾಯವಾಣಿಗೆ ಕೂಡಲೇ ಫೋನ್ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದೂರು ಕೊಡಬಹುದು. ಮೊದಲ ಕೆಲವು ಗಂಟೆಗಳೊಳಗೆ ತಿಳಿಸಿದರೆ ಹಣ ಮುಂದಿನ ಖಾತೆಗಳಿಗೆ ದಾಟುವ ಮುನ್ನ ತಡೆಹಿಡಿಯುವ ಸಾಧ್ಯತೆ ಹೆಚ್ಚು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆಯಿಲ್ಲ. ನಾಲ್ಕರಿಂದ ಏಳು ದಿನಗಳಾದರೆ ಹೊಣೆಗೆ ಮಿತಿಯಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕ್‌ಗಳಿಗೂ ಇದೇ ಬಗೆಯ ಸುತ್ತೋಲೆ ಬಂತು. ಸಹಕಾರಿ ಬ್ಯಾಂಕ್‌ಗಳಲ್ಲಿ ತಲೆತಲಾಂತರದ ಖಾತೆ ಇಟ್ಟುಕೊಂಡಿರುವ ನಮ್ಮವರಿಗೆ ಇದು ತಿಳಿದಿರಬೇಕು. ರ‍್ಯಾನ್ಸಮ್‌ವೇರ್ ಬೀಗ ಹಾಕಿದ್ದರೆ ಹಣ ಕಟ್ಟುವ ಮೊದಲು ಯುರೋಪೋಲ್, ಡಚ್ ಪೊಲೀಸರು ಮತ್ತಿತರರು 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ನಲ್ಲಿ ಹುಡುಕಬಹುದು. ಹಲವು ಬೀಗಗಳ ಕೀಲಿ ಅಲ್ಲಿ ಪುಕ್ಕಟೆ ಸಿಗುತ್ತದೆ, ಎಲ್ಲವುಗಳದ್ದಲ್ಲ.

ಈ ಮೂರು ದಿನಗಳ ಲೆಕ್ಕದಲ್ಲಿ ಮನೆಯ ವಾತಾವರಣಕ್ಕೂ ಪಾಲಿದೆ. ಆ ಹನ್ನೆರಡರ ಹುಡುಗನಿಗೆ ತಾನು ಇಳಿಸಿದ ಆಟದಲ್ಲಿ ಏನೋ ಎಡವಟ್ಟಾಗಿದೆ ಎಂದು ಅಂದೇ ಗೊತ್ತಾಗಿರಬಹುದು. ಹೇಳಿದರೆ ಪೆಟ್ಟು ಬೀಳುತ್ತದೆ ಎಂಬ ಭಯವಿದ್ದರೆ ಆತ ಹೇಳುವುದಿಲ್ಲ. ಅಜ್ಜನೂ ಅಷ್ಟೇ, ‘ನಿಮಗೆ ಯಾಕೆ ಬೇಕಿತ್ತು ಕಂಪ್ಯೂಟರ್’ ಎಂದು ಮಗನಿಂದ ಕೇಳಿಸಿಕೊಳ್ಳುವುದಕ್ಕಿಂತ ಸುಮ್ಮನಿರುವುದೇ ಲೇಸು ಎಂದುಕೊಳ್ಳುತ್ತಾರೆ. ಬ್ಯಾಂಕಿನ ಸಂದೇಶ ಅಪ್ಪನ ಕಣ್ಣಿಗೆ ಬೀಳುವಾಗ ವಾರ ಕಳೆದಿರುತ್ತದೆ. ಪಾಸ್‌ವರ್ಡ್ ಬದಲಿಸುವ ಭಾನುವಾರವೇ ಎಲ್ಲರನ್ನೂ ಕೂರಿಸಿ, ಏನಾದರೂ ಆದರೆ ಮೊದಲು ಹೇಳಿ, ಬೈಯುವುದಿದ್ದರೆ ಆಮೇಲೆ ಎಂದು ಒಪ್ಪಂದ ಮಾಡಿಕೊಂಡ ಮನೆಯಲ್ಲಿ ಸುದ್ದಿ ಅದೇ ದಿನ ಹೊರಬರುತ್ತದೆ.

ಉಳಿದದ್ದು ‘ಯಜಮಾನ’ ಖಾತೆಯ ಪಾಸ್‌ವರ್ಡ್ ಎಲ್ಲಿಡುವುದೆಂಬ ಪ್ರಶ್ನೆ. ಮಾನಿಟರಿಗೆ ಚೀಟಿ ಅಂಟಿಸುವಂತಿಲ್ಲ. ಅಪ್ಪನೊಬ್ಬನ ತಲೆಯೊಳಗೇ ಇದ್ದರೂ ಕಷ್ಟ, ಆತ ಕೋಲಕ್ಕೋ ಆಯನಕ್ಕೋ ಊರಿಗೆ ಹೋದರೆ ಹದಿನೈದು ದಿನ ಮನೆಯವರ ಕೆಲಸ ನಿಲ್ಲುತ್ತದೆ. ಒಂದು ಕಾಗದದಲ್ಲಿ ಬರೆದು, ಪಾಸ್‌ಬುಕ್ ಮತ್ತು ಚಿನ್ನದ ಜತೆ ಕಪಾಟಿನ ಲಾಕರಿನಲ್ಲಿಟ್ಟರೆ ಯಾವ ವೈರಸ್‌ಗೂ ಅದು ಸಿಗುವುದಿಲ್ಲ. ಆ ಲಾಕರಿನ ಕೀಲಿಕೈ ಹೆಚ್ಚಿನ ಮನೆಗಳಲ್ಲಿ ಈಗಲೂ ಅಮ್ಮನ ಬಳಿಯೇ ಇರುತ್ತದೆ.